ಭಾನುವಾರ ಫೋನೆತ್ತುತ್ತಿದ್ದ ಅಧ್ಯಕ್ಷ

ಕ್ಲೀವನ್ ಪೆಟವೇ ತೀರಿಕೊಂಡ. ಅಕ್ಟೋಬರ್ ತಿಂಗಳ ಕೊನೆಯ ಸೋಮವಾರ, ಕ್ಲಾಸು ಮುಗಿಸಿ ಊಟಕ್ಕೆ ಹೊರಟವನು ಭೋಜನಶಾಲೆಯ ಮೆಟ್ಟಿಲ ಮೇಲೆ ಕುಸಿದು ಕೂತ, ಮತ್ತೆ ಏಳಲಿಲ್ಲ. ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿತ್ತೆಂದು ಡಾಕ್ಟರು ಆಮೇಲೆ ಹೇಳಿದರು. ಅವನಿಗೆ ಇಪ್ಪತ್ತೆರಡು ವರ್ಷ.

ಈಸ್ಟ್ ಸೇಂಟ್ ಲೂಯಿಯಲ್ಲಿ ಅವನ ಅಜ್ಜಿಯ ಚರ್ಚಿನಲ್ಲೇ ಅವನನ್ನು ಬೀಳ್ಕೊಟ್ಟರು. ಅರ್ಧ ಚರ್ಚು ತುಂಬಿದ್ದವರು ನೆಂಟರೂ ಅಲ್ಲ, ನೆರೆಯವರೂ ಅಲ್ಲ, ಯಾರೋ ಹೆಂಗಸರು. ಅಗಲವಾದ ಟೋಪಿ ಹಾಕಿಕೊಂಡು, ಕೈಯಲ್ಲಿ ಅಡುಗೆ ತುಂಬಿ ಮುಚ್ಚಿದ ಪಾತ್ರೆಗಳನ್ನು ಹಿಡಿದು ಒಬ್ಬರ ಹಿಂದೆ ಒಬ್ಬರು ಬಂದರು. ಅಜ್ಜಿ ಮಿಸ್ ಆಡೆಲ್ ಪಕ್ಕದಲ್ಲಿದ್ದ, ಕ್ಲೀವನ್‌ನ ಕೋಣೆಯ ಗೆಳೆಯ ಕ್ವಿಂಟನ್‌ನ ತೋಳು ಜಗ್ಗಿದರು.

"ಯಾರಪ್ಪಾ ಇವರೆಲ್ಲ? ನನ್ನ ಮೊಮ್ಮಗನಿಗೆ ಇಷ್ಟೊಂದು ಜನ ಗೆಳತಿಯರಿದ್ರಾ? ಅದೂ ಈ ವಯಸ್ಸಿನವರು?"

"ಅಲ್ಲ ಅಜ್ಜಿ. ನಮ್ಮ ಸಂಘದ ಹುಡುಗರ ತಾಯಂದಿರು."

"ಹುಡುಗರ ತಾಯಂದಿರಿಗೆ ಇವನ ಹತ್ರ ಏನು ಕೆಲಸ?"

ಕ್ವಿಂಟನ್ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಹಾಡು ಶುರುವಾಯಿತು.

ಹೇಳಬೇಕಾದದ್ದು ಇಷ್ಟು. ಕ್ಲೀವನ್ ವಿಶ್ವವಿದ್ಯಾಲಯದ ಕಪ್ಪು ಹುಡುಗರ ಸಂಘಕ್ಕೆ ಅಧ್ಯಕ್ಷನಾದದ್ದು ತಾನು ಇಲ್ಲದಿದ್ದ ಹೊತ್ತಿನಲ್ಲಿ. ಚುನಾವಣೆಯ ಸಂಜೆ ಎಲ್ಲರಿಗೂ ಕರಿದ ಕೋಳಿ ರೆಕ್ಕೆ ತರಲು ಅವನು ಹೊರಗೆ ಹೋಗಿದ್ದ. ಉಳಿದವರು "ನಾನೊಲ್ಲೆ, ನೀನಾಗು" ಎಂದು ಒಬ್ಬರನ್ನೊಬ್ಬರು ದಬ್ಬಾಡಿ, ಕೊನೆಗೆ ಬೇಡ ಎನ್ನಲು ಕೋಣೆಯಲ್ಲಿ ಇಲ್ಲದವನನ್ನೇ ಆರಿಸಿಬಿಟ್ಟರು.

"ಬನ್ನಿ ಬನ್ನಿ, ಅಧ್ಯಕ್ಷರೇ" ಎಂದು ಕ್ವಿಂಟನ್ ಬಾಗಿಲಲ್ಲೇ ಸ್ವಾಗತಿಸಿದ.

ಕ್ಲೀವನ್ ಪೊಟ್ಟಣಗಳನ್ನು ಹಿಡಿದುಕೊಂಡೇ ಎಲ್ಲರ ಮುಖ ನೋಡಿದ. "ಏನ್ರೋ ಇದು? ಖಾರದ ಸಾಸ್ ಮರೆತು ಬಂದೆ ಅಂತ ಇಷ್ಟು ದೊಡ್ಡ ಶಿಕ್ಷೇನಾ?"

ಮರೆತದ್ದು ನಿಜ. ತಿರುಗಿ ಹೋಗಿ ತಂದ. ಅಧ್ಯಕ್ಷನಾಗಿ ಅದು ಅವನ ಮೊದಲ ಕೆಲಸ. ಕ್ವಿಂಟನ್ ಉಪಾಧ್ಯಕ್ಷನಾದ, ಇಬ್ಬರೂ ಒಂದೇ ಕೋಣೆಯವರಾದ್ದರಿಂದ ತಪ್ಪಿಸಿಕೊಂಡು ಹೋಗಲು ಅವನಿಗೆ ಜಾಗವಿರಲಿಲ್ಲ.

ಸಂಘವೆಂದರೆ ಆಗ ಹೆಸರಿಗಷ್ಟೇ. ಸುತ್ತ ಕಣ್ಣು ಹಾಯುವಷ್ಟು ದೂರ ಜೋಳದ ಹೊಲ. ನಡುವೆ ಈ ವಿಶ್ವವಿದ್ಯಾಲಯ. ಶಿಕಾಗೋದಿಂದಲೋ ಸೇಂಟ್ ಲೂಯಿಯಿಂದಲೋ ಬಂದ ಹುಡುಗರು ಮೊದಲ ಚಳಿಗಾಲಕ್ಕೇ ಒಬ್ಬೊಬ್ಬರಾಗಿ ಊರಿಗೆ ಮರಳುತ್ತಿದ್ದರು. ಯಾಕೆ ಹೋದರೆಂದು ಯಾರೂ ಕೇಳುತ್ತಿರಲಿಲ್ಲ. ಸಭೆ ಕರೆದರೆ ಬರುವವರು ಕೋಳಿ ರೆಕ್ಕೆ ತಿನ್ನಲು ಬರುತ್ತಿದ್ದರು.

ಆಗಸ್ಟಿನಲ್ಲಿ ಹೊಸಬರು ಹಾಸ್ಟೆಲಿಗೆ ಬಂದಿಳಿಯುವ ದಿನ ಸಂಘದವರೆಲ್ಲ ಬಿಳಿ ಅಂಗಿ ತೊಟ್ಟು, ಟೈ ಕಟ್ಟಿಕೊಂಡು ರಸ್ತೆ ಬದಿಯಲ್ಲಿ ನಿಂತು ಸಾಮಾನು ಹೊತ್ತುಕೊಡುವುದು ಹಳೆಯ ವಾಡಿಕೆ. ಕೆಟ್ಟ ಬಿಸಿಲು. ಬೆನ್ನು ಒದ್ದೆ. ಕ್ಲೀವನ್ ಒಂದು ಪುಟ್ಟ ಫ್ರಿಜ್ಜನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದಾಗ ಹಿಂದಿನಿಂದ ಒಬ್ಬ ಹೆಂಗಸು ತಡೆದು ನಿಲ್ಲಿಸಿದರು. ಹೆಸರು ಲೊರೇನ್ ಟಬ್ಸ್. ಅವರ ನೆರಳಿನಲ್ಲಿ ಉದ್ದಕ್ಕೆ, ತೆಳ್ಳಗೆ, ಮಾತಿಲ್ಲದೆ ನಿಂತಿದ್ದವನು ಮಗ ಡೆಶಾನ್.

"ನೀನೇ ಏನಪ್ಪಾ ಅಧ್ಯಕ್ಷ?"

"ಹೌದಮ್ಮಾ."

"ಅಧ್ಯಕ್ಷ ಅಂದ್ರೆ ಏನು ಮಾಡ್ತೀಯ?"

"ಸದ್ಯಕ್ಕೆ ನಿಮ್ಮ ಫ್ರಿಜ್ ಹೊರ್ತಿದೀನಿ."

"ಬಾಯಿ ಜೋರಿದೆ. ನನ್ನ ಮಗನಿಗೆ ಬಾಯೇ ಇಲ್ಲ. ನೋಡು ಕಂದಾ, ನಾನು ಶಿಕಾಗೋದಲ್ಲಿ ಸಿಟಿ ಬಸ್ ಓಡಿಸ್ತೀನಿ. ಹತ್ತೋರ ಮುಖ ನೋಡಿದ ಕೂಡ್ಲೇ ಯಾರು ಎಂಥವರು ಅಂತ ಗೊತ್ತಾಗತ್ತೆ. ಇವನು ಫಾರ್ಮಸಿಸ್ಟ್ ಆಗ್ಬೇಕು. ನೋಡ್ಕೋತೀಯಾ?"

"ನೋಡ್ಕೋತೀನಮ್ಮಾ. ಯಾವಾಗ ಬೇಕಾದ್ರೂ ಫೋನ್ ಮಾಡಿ" ಎಂದು ಕ್ಲೀವನ್ ತನ್ನದೇ ನಂಬರು ಹೇಳಿದ.

ಹಿಂದೆ ಪೆಟ್ಟಿಗೆ ಹಿಡಿದು ನಿಂತಿದ್ದ ಇನ್ನೊಬ್ಬ ತಾಯಿ, "ಅದೇನಪ್ಪಾ ನಂಬರು, ಇನ್ನೊಂದ್ಸಲ ಹೇಳು" ಎಂದರು. ಅವರ ಹಿಂದಿದ್ದವರೂ ಕೇಳಿಸಿಕೊಂಡರು. ಸಂಜೆಯ ಹೊತ್ತಿಗೆ ಆ ನಂಬರು ಗೊತ್ತಿಲ್ಲದ ತಾಯಿ ಇಡೀ ಹಾಸ್ಟೆಲಿನ ಅಂಗಳದಲ್ಲಿ ಇರಲಿಲ್ಲ.

"ಲೋ, ಸಂಘದ ಆಫೀಸ್ ನಂಬರ್ ಕೊಡೋದಲ್ವೇನೋ?" ಎಂದ ಕ್ವಿಂಟನ್.

"ಸಂಘಕ್ಕೆ ಆಫೀಸ್ ಎಲ್ಲಿದೆಯೋ?"

ಭಾನುವಾರ ಚರ್ಚು ಬಿಟ್ಟ ಕೂಡಲೇ ಫೋನು ಹೊಡೆದುಕೊಳ್ಳಲು ಶುರುವಾಗುತ್ತಿತ್ತು. ಕ್ವಿಂಟನ್ ತಲೆದಿಂಬನ್ನು ಕಿವಿಗೆ ಒತ್ತಿಕೊಂಡರೂ ಕೇಳಿಸುತ್ತಿತ್ತು. ಒಬ್ಬ ತಾಯಿಗೆ ಮಗನ ಮೊಣಕೈಯ ಚಿಂತೆ: "ಲೋಷನ್ ಹಚ್ಕೋತಿದಾನಾ? ಚರ್ಮ ಒಣಗಿ ಬೂದಿ ಬಳ್ಕೊಂಡ ಹಾಗೆ ತಿರುಗಾಡಿ ನನ್ನ ಮಾನ ಕಳೀಬೇಡ ಅಂತ ಹೇಳು." ಇನ್ನೊಬ್ಬರಿಗೆ ಮಗ ಚರ್ಚಿಗೆ ಹೋದನೋ ಇಲ್ಲವೋ ತಿಳಿಯಬೇಕು.

"ನೋಡಿಲ್ಲಮ್ಮಾ. ನಾನೇ ಹೋಗಿಲ್ಲ."

"ಅಯ್ಯೋ ಪಾಪಿ! ನಿಮ್ಮಜ್ಜಿ ನಂಬರ್ ಕೊಡು ಮೊದಲು."

ಕ್ಲೀವನ್ ತನಗೆ ತಾನೇ ಎರಡು ಕಟ್ಟುಪಾಡು ಹಾಕಿಕೊಂಡಿದ್ದ. ತಾಯಂದಿರಿಗೆ ಸುಳ್ಳು ಹೇಳುವುದಿಲ್ಲ. ಹುಡುಗರ ಗುಟ್ಟು ಹೇಳುವುದಿಲ್ಲ. ಎರಡರ ನಡುವೆ ಉಳಿಯುವುದು ತಾನು ನೋಡಿದ್ದು ಮಾತ್ರ. ನೋಡಿದ್ದನ್ನು ಹೇಳಬೇಕಾದರೆ ಮೊದಲು ನೋಡಬೇಕಲ್ಲ? ಹಾಗಾಗಿ ಶನಿವಾರವೆಲ್ಲ ಹಾಸ್ಟೆಲಿನ ಬಾಗಿಲುಗಳನ್ನು ಬಡಿಯುತ್ತ ತಿರುಗುತ್ತಿದ್ದ. "ಬಾಗಿಲು ತೆಗಿಯೋ, ನಾಳೆ ನಿಮ್ಮಮ್ಮ ಕೇಳ್ತಾರೆ. ಊಟ ಆಯ್ತಾ? ಎಲ್ಲಿ, ಮೊಣಕೈ ತೋರಿಸು." ಹುಡುಗರು ಬೈಯುತ್ತಲೇ ಬಾಗಿಲು ತೆರೆದರು. ಒಂದು ಕೋಣೆಯಲ್ಲಿ ಕೂದಲು ಕತ್ತರಿಸುವ ಯಂತ್ರ ಸಿಕ್ಕಿತು, ಇನ್ನೊಂದರಲ್ಲಿ ಲೆಕ್ಕ ಬಲ್ಲವನು, ಮತ್ತೊಂದರಲ್ಲಿ ಯಾರ ಹತ್ತಿರವೂ ಮಾತಾಡದೆ ವಾರ ಕಳೆದವನು. ಕ್ಲೀವನ್ ಅವರನ್ನೆಲ್ಲ ಒಬ್ಬರ ಕೋಣೆಗೆ ಒಬ್ಬರನ್ನು ಎಳೆದು ತಂದು ಕೂರಿಸಿದ. ಸೆಪ್ಟೆಂಬರ್ ಮುಗಿಯುವಷ್ಟರಲ್ಲಿ ಸಭೆಗೆ ಕುರ್ಚಿ ಸಾಲದಾಯಿತು. ಅವನಿಗೆ ಭಾಷಣ ಬರುತ್ತಿರಲಿಲ್ಲ, ಸಭೆಗೆ ಸರಿಯಾದ ಹೊತ್ತಿಗೆ ಬಂದದ್ದೂ ಇಲ್ಲ. ಆದರೂ ಸಂಘ ನಡೆಯಿತು.

ಅಕ್ಟೋಬರಿನ ಒಂದು ಬುಧವಾರ ಇಬ್ಬರೂ ಕ್ವಿಂಟನ್‌ನ ಹಳೆಯ ಕಾರನ್ನು ತೊಳೆಸಲು ಹೋದರು. ರಬ್ಬರ್ ಬೂಟು ಹಾಕಿಕೊಂಡು ಪೈಪು ಹಿಡಿದು ನಿಂತಿದ್ದವನು ಡೆಶಾನ್.

"ಈ ಹೊತ್ತಲ್ಲಿ ನಿನಗೆ ಕೆಮಿಸ್ಟ್ರಿ ಅಲ್ವೇನೋ?" ಎಂದ ಕ್ಲೀವನ್.

ಡೆಶಾನ್ ನೀರು ನಿಲ್ಲಿಸಿದ. "ಹೋಗ್ತಿಲ್ಲ ಅಣ್ಣಾ. ಎರಡು ವಾರ ಆಯ್ತು. ಅಮ್ಮನಿಗೆ ಹೇಳ್ಬೇಡ."

"ಹೇಳಲ್ಲ" ಎಂದುಬಿಟ್ಟ ಕ್ಲೀವನ್. ಎಂದ ಮೇಲೆ ಯೋಚಿಸಿದ.

ಭಾನುವಾರ ಬಂತು. ಟಬ್ಸ್ ಅಮ್ಮನ ಫೋನೂ ಬಂತು. ಕ್ಲೀವನ್ ಅದನ್ನು ಮಗುಚಿ ಇಟ್ಟ. ಅದರ ಮುಂದಿನ ಭಾನುವಾರವೂ ಮಗುಚಿಯೇ ಇಟ್ಟ.

"ಎತ್ತೋ ಮಾರಾಯ" ಎಂದ ಕ್ವಿಂಟನ್.

"ಎತ್ತಿ ಏನು ಹೇಳ್ಲಿ?"

"ಚೆನ್ನಾಗಿದಾನೆ ಅನ್ನು."

"ಚೆನ್ನಾಗಿಲ್ವಲ್ಲ."

"ಹಾಗಾದ್ರೆ ನಿಜ ಹೇಳು."

"ಹೇಳಿದ್ರೆ ಆಮೇಲೆ ಯಾವನೋ ನನಗೆ ಬಾಗಿಲು ತೆಗೀತಾನೆ?"

ಅದು ಬರೀ ಮಾತಾಗಿರಲಿಲ್ಲ. ಗುಟ್ಟು ಬಿಟ್ಟುಕೊಟ್ಟರೆ ಹುಡುಗರು ಹೋಗುತ್ತಾರೆ, ಸುಳ್ಳು ಹೇಳಿದರೆ ತಾಯಂದಿರು ಹೋಗುತ್ತಾರೆ. ಸುಮ್ಮನಿದ್ದರೆ ಡೆಶಾನ್ ಹೋಗುತ್ತಾನೆ, ಹಿಂದಿನವರೆಲ್ಲ ಹೋದ ಹಾಗೆ.

ಶನಿವಾರ ಬೆಳಗ್ಗೆ ಕ್ಲೀವನ್ ಡೆಶಾನ್‌ನ ಬಾಗಿಲು ಬಡಿದ. "ನಾನು ಶಿಕಾಗೋಗೆ ಹೊರಟಿದೀನಿ, ನಿಮ್ಮಮ್ಮನ ಹತ್ರ. ಒಂದು ಮಾತೂ ಆಡಲ್ಲ. ಸುಮ್ನೆ ಹೋಗಿ ಎದುರಿಗೆ ನಿಂತ್ಕೋತೀನಿ."

"ನಿನ್ನ ಮುಖ ನೋಡಿದ್ರೆ ಸಾಕು ಅಣ್ಣಾ, ಎಲ್ಲಾ ಗೊತ್ತಾಗಿ ಹೋಗತ್ತೆ!"

"ಅದಕ್ಕೆ ನಾನೇನು ಮಾಡ್ಲಿ? ಮುಖ ಬಿಟ್ಟು ಹೋಗೋಕಾಗತ್ತಾ? ಬರ್ತೀಯೋ, ಒಬ್ಬನೇ ಹೋಗ್ಲೋ?"

ಡೆಶಾನ್ ಬೂಟು ಹುಡುಕಿಕೊಂಡ. ಕಾರು ಕ್ವಿಂಟನ್‌ನದಾದ್ದರಿಂದ ಅವನೂ ಹೊರಟ.

ಟಬ್ಸ್ ಅಮ್ಮ ಅಂದು ಕೆಲಸದ ಮೇಲಿದ್ದರು. ಮೂವರೂ ವೆಸ್ಟ್ ಸೈಡಿನ ಒಂದು ಸ್ಟಾಪಿನಲ್ಲಿ ಕಾದು ಅವರ ಬಸ್ಸನ್ನೇ ಹತ್ತಿದರು. ಬಾಗಿಲು ತೆರೆಯಿತು. ಅವರು ಮೂರು ಮುಖಗಳನ್ನೂ ಒಂದೊಂದಾಗಿ ನೋಡಿದರು.

"ಕಾರ್ಡ್ ತೋರಿಸಿ. ಹಳದಿ ಗೆರೆ ಹಿಂದೆ ನಿಂತ್ಕೊಳ್ಳಿ."

ಮುಂದಿನ ಸೀಟಿನಲ್ಲಿ ಕೈಚೀಲ ಅಪ್ಪಿಕೊಂಡು ಕೂತಿದ್ದ ಮುದುಕಿ ಕಣ್ಣರಳಿಸಿದರು. "ಲೊರೇನ್, ಇವನೇ ಅಲ್ವೇನೇ ನಮ್ಮ ಫಾರ್ಮಸಿಸ್ಟು? ಕಂದಾ, ನನ್ನ ಬಿಪಿ ಮಾತ್ರೆ ಬಗ್ಗೆ ಒಂದು ಮಾತು ಕೇಳ್ಬೇಕಿತ್ತು."

ಡೆಶಾನ್ ಕಂಬವನ್ನು ಗಟ್ಟಿಯಾಗಿ ಹಿಡಿದುಕೊಂಡ. ಟಬ್ಸ್ ಅಮ್ಮ ಕನ್ನಡಿಯೊಳಗಿಂದಲೇ ಕ್ಲೀವನ್‌ನನ್ನು ವಿಚಾರಿಸಿಕೊಂಡರು.

"ಅಧ್ಯಕ್ಷರ ಫೋನ್ ಕೆಟ್ಟಿತ್ತಾ?"

"ಇಲ್ಲಮ್ಮಾ."

"ಕಿವಿ?"

"ಚೆನ್ನಾಗಿದೆ."

"ಮತ್ತೆ?"

ಕ್ಲೀವನ್ ಕಿಟಕಿಯಾಚೆ ನೋಡಿದ. 

"ಅಮ್ಮಾ," ಎಂದ ಡೆಶಾನ್, "ನಾನು ಕ್ಲಾಸಿಗೆ ಹೋಗ್ತಿಲ್ಲ."

ಹಿಂದಿನ ಸೀಟಿನವರು ಕತ್ತು ಚಾಚಿದರು. ಒಬ್ಬಾತ ಕಿವಿಯಿಂದ ಹಾಡಿನ ತಂತಿ ಕಿತ್ತ. ಒಮ್ಮೆ ತಡವಾಗಿ ಹೋದದ್ದನ್ನು ಡೆಶಾನ್ ಹೇಳಿದ. ಪಾಠದ ಕೋಣೆಗೆ ಇರುವುದು ಒಂದೇ ಬಾಗಿಲು, ಅದೂ ಬೋರ್ಡಿನ ಪಕ್ಕ. ಇಡೀ ಕ್ಲಾಸು ಅವನನ್ನು ನೋಡಿತು. ಅವನಂಥ ಕಪ್ಪು ಹುಡುಗ ಅಲ್ಲಿ ಇನ್ನೊಬ್ಬನಿರಲಿಲ್ಲ. ಮುಂದಿನ ಸಲ ಬಾಗಿಲ ತನಕ ಹೋಗಿ ಹಿಂದಿರುಗಿದ. ಅದಾದ ಮೇಲೆ ಬಾಗಿಲ ತನಕವೂ ಹೋಗಲಿಲ್ಲ.

"ಲೊರೇನ್, ನನ್ನ ಸ್ಟಾಪು ಹೋಯ್ತು" ಎಂದರು ಮುದುಕಿ. "ಪರವಾಗಿಲ್ಲ ಬಿಡು. ನೀನು ಹೇಳು ಕಂದಾ."

ಕೆಂಪು ದೀಪಕ್ಕೆ ಬಸ್ಸು ನಿಂತಿತು. "ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ತಾಯಿ ಕೇಳಿದರು.

"ಇಲ್ಲ. ಬರೀ ನೋಡಿದ್ರು."

"ನಾನು ಡಿಪೋಗೆ ಸೇರಿದಾಗ ನನ್ನೂ ನೋಡಿದ್ರು. ಸರಿಯಾಗಿ ನೋಡ್ಕೊಳ್ಳಿ ಅಂತ ಕೆಂಪು ಲಿಪ್‌ಸ್ಟಿಕ್ ಹಚ್ಕೊಂಡು ಹೋದೆ."

"ನಂಗೆ ಅದು ಒಪ್ಪಲ್ಲಮ್ಮಾ."

ಮೊದಲು ನಕ್ಕವರು ಮುದುಕಿ. ಆಮೇಲೆ ಹಿಂದಿನ ಸೀಟುಗಳು. ಟಬ್ಸ್ ಅಮ್ಮ ನಗಲಿಲ್ಲ, ಆದರೆ ಮೂಗು ಒರೆಸಿಕೊಂಡು ಗೇರು ಹಾಕಿದರು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಮಗನ ಕತ್ತಿನ ಹಿಂಭಾಗವನ್ನು ಹಿಡಿದುಕೊಂಡೇ ಕ್ಲೀವನ್ ಕಡೆ ತಿರುಗಿದರು.

"ಇವನು ಮುಗಿಸ್ತಾನಾ?"

"ಗೊತ್ತಿಲ್ಲಮ್ಮಾ. ಸೋಮವಾರ ಒಳಗೆ ಹೋಗ್ತಾನೆ. ಅಷ್ಟು ನಾನು ನೋಡ್ಕೋತೀನಿ."

"ಹೇಗೆ?"

"ಅದಿನ್ನೂ ಯೋಚನೆ ಮಾಡಿಲ್ಲ."

"ಹೋಗು. ಮುಂದಿನ ಭಾನುವಾರ ಫೋನ್ ಎತ್ತು."

ಅಕ್ಟೋಬರಿನ ಆ ಕೊನೆಯ ಸೋಮವಾರ ಬೆಳಗ್ಗೆ ಕ್ಲೀವನ್ ಈಸ್ಟರ್ ಹಬ್ಬಕ್ಕೆ ಅಜ್ಜಿ ಹೊಲಿಸಿಕೊಟ್ಟಿದ್ದ ಸೂಟು ಹಾಕಿಕೊಂಡ. ಅರಿಶಿನದ ಬಣ್ಣ. ಕ್ವಿಂಟನ್ ಹಾಸಿಗೆಯಲ್ಲೇ ಎದ್ದು ಕೂತ.

"ಎಲ್ಲಿಗೋ, ಮದುವೆಗಾ?"

"ಕೆಮಿಸ್ಟ್ರಿಗೆ. ಏಳು, ನೀನೂ ಬಾ."

ಪಾಠ ಶುರುವಾಗುವ ತನಕ ಅವನು ಡೆಶಾನ್ ಜೊತೆ ಬೇಕೆಂದೇ ಹೊರಗೆ ಕಾದ. ಆಮೇಲೆ ಬಾಗಿಲು ತಳ್ಳಿ ಮುಂದೆ ಹೋದ. "ಕ್ಷಮಿಸಿ, ಕ್ಷಮಿಸಿ, ಸ್ವಲ್ಪ ಕಾಲು ಸರಿಸಿ" ಎನ್ನುತ್ತ ಬೋರ್ಡಿನ ಮುಂದೆಯೇ ಹಾದು, ಇಬ್ಬರ ಚೀಲ ತುಳಿದು, ಮೊದಲ ಸಾಲಿನ ನಡುವೆ ಹೋಗಿ ಕೂತ. ಇಡೀ ಕ್ಲಾಸು ಆ ಸೂಟನ್ನೇ ನೋಡುತ್ತಿತ್ತು. ಡೆಶಾನ್ ಯಾವಾಗ ಒಳಗೆ ಬಂದ, ಎಲ್ಲಿ ಕೂತ, ಕ್ವಿಂಟನ್ ಬಿಟ್ಟು ಇನ್ಯಾರೂ ಗಮನಿಸಲಿಲ್ಲ.

ಪಾಠ ನಡೆಯಿತು. ಇತಿಹಾಸ ಓದುತ್ತಿದ್ದ ಕ್ಲೀವನ್ ಗಲ್ಲಕ್ಕೆ ಕೈಕೊಟ್ಟು, ಎಲ್ಲ ತಿಳಿದವನ ಹಾಗೆ ತಲೆದೂಗುತ್ತಿದ್ದ. ಎರಡು ಸಾಲು ಹಿಂದೆ ಡೆಶಾನ್ ಬೋರ್ಡು ನೋಡುತ್ತಿದ್ದ, ಬರೆಯುತ್ತಿರಲಿಲ್ಲ. ಪೆನ್ನು ಹಾಳೆಯ ಮೇಲೆ ನಿಂತೇ ಇತ್ತು. ಕ್ಲೀವನ್ ಒಮ್ಮೆ ತಿರುಗಿ ಅದನ್ನು ನೋಡಿದ. ಕೊನೆಯಲ್ಲಿ ಪ್ರೊಫೆಸರು ಬೋರ್ಡು ಒರೆಸುತ್ತ, ಯಾರಿಗಾದರೂ ಏನಾದರೂ ಕೇಳುವುದಿದೆಯೇ ಎಂದರು. ಎಲ್ಲರೂ ಆಗಲೇ ಚೀಲ ಮುಚ್ಚುತ್ತಿದ್ದರು.

ಕ್ಲೀವನ್ ಕೈ ಎತ್ತಿದ.

"ಸರ್, ಅರ್ಥ ಆಗ್ಲಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

"ಎಲ್ಲಿಂದ?"

"ಒಂದು ತಿಂಗಳ ಹಿಂದಿನಿಂದ, ಸರ್."