ಒಂದು ಸೀರೆಗೆ ಒಂದೇ ಕೈ

ಸೀರೆಯ ಸೆರಗಿಗೆ ಕುಚ್ಚು ಹಾಕುವುದು ನನ್ನ ಕೆಲಸ. ಅತ್ತಿಗುಪ್ಪೆಯ ನಮ್ಮ ಮನೆಯ ಹಾಲ್‌ನಲ್ಲಿ, ಕಿಟಕಿಯ ಪಕ್ಕ ಚಾಪೆ ಹಾಸಿಕೊಂಡು ಕೂರುತ್ತೇನೆ. ಸೆರಗನ್ನು ದಿಂಬಿಗೆ ಪಿನ್ ಹಾಕಿ ಬಿಗಿದು, ಅಂಚಿನುದ್ದಕ್ಕೂ ರೇಷ್ಮೆ ದಾರದ ಗಂಟು ಹಾಕಿ, ಮಣಿ ಪೋಣಿಸುತ್ತಾ ಹೋಗಬೇಕು. ಈ ಕೆಲಸದಲ್ಲಿ ಇರುವುದು ಒಂದೇ ಕಟ್ಟುನಿಟ್ಟು: ಒಂದು ಸೀರೆಗೆ ಒಂದೇ ಕೈ. ಎಷ್ಟೇ ಅರ್ಜೆಂಟಿದ್ದರೂ ಅರ್ಧ ಒಬ್ಬರು, ಅರ್ಧ ಇನ್ನೊಬ್ಬರು ಹಾಕುವಂತಿಲ್ಲ. ಒಬ್ಬೊಬ್ಬರು ದಾರ ಎಳೆಯುವ ಬಿಗಿ ಒಂದೊಂದು ಥರ. ಉಟ್ಟವರಿಗೆ ಗೊತ್ತಾಗದಿದ್ದರೂ ಹಾಕುವವರ ಕಣ್ಣಿಗೆ ತಕ್ಷಣ ಕಾಣುತ್ತದೆ.

ಇದನ್ನು ನನಗೆ ಹೇಳಿಕೊಟ್ಟವಳು ನನ್ನ ಗೆಳತಿ. ವಿಜಯನಗರದ ಟೈಲರಿಂಗ್ ಕ್ಲಾಸಿನಲ್ಲಿ ಪರಿಚಯವಾದಾಗ ಇಬ್ಬರಿಗೂ ಇಪ್ಪತ್ತೆರಡು. ನಾವು ದಾವಣಗೆರೆ ಕಡೆಯ ಲಿಂಗಾಯತರು. ಅವಳು ಮುಸ್ಲಿಮರ ಮನೆಯವಳು, ಮೆಟ್ರೋದಲ್ಲಿ ನಮಗಿಂತ ಒಂದೇ ಸ್ಟೇಷನ್ ಆಚೆ, ದೀಪಾಂಜಲಿ ನಗರದಲ್ಲಿ ಬಾಡಿಗೆಗಿದ್ದಳು. ಕ್ಲಾಸು ಮುಗಿದ ಮೇಲೆ ನಮ್ಮ ಮನೆಯಲ್ಲೇ ಇಬ್ಬರೂ ಸೇರಿ ಕುಚ್ಚಿನ ಕೆಲಸ ಶುರು ಮಾಡಿದೆವು. ಮೂರು ವರ್ಷ ಅವಳು ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ಐದಕ್ಕೆ ಹೊರಡುತ್ತಿದ್ದಳು. ಗಂಟುಗಳನ್ನು ಏಕ್, ದೋ, ತೀನ್ ಎಂದೇ ಎಣಿಸುತ್ತಿದ್ದಳು. ಕೇಳಿ ಕೇಳಿ ನನಗೂ ಅದೇ ಬಾಯಿಗೆ ಬಂತು. ಈಗಲೂ ಕನ್ನಡದಲ್ಲಿ ಎಣಿಸಹೋದರೆ ನಡುವೆ ಎಲ್ಲೋ ತಪ್ಪುತ್ತೇನೆ.

ನನ್ನ ಗಂಟು ಸಡಿಲ ಎಂದು ಅವಳು ದಿನಾ ಗೋಳು ಹೊಯ್ದುಕೊಳ್ಳುತ್ತಿದ್ದಳು. ಬಾಯಿಗಿರುವ ಜೋರಿನಲ್ಲಿ ಅರ್ಧ ಕೈಗಿದ್ದಿದ್ದರೆ ನೀನು ಇಷ್ಟೊತ್ತಿಗೆ ಅಂಗಡಿ ಇಡುತ್ತಿದ್ದೆ ಎನ್ನುತ್ತಿದ್ದಳು. ರಂಜಾನ್ ತಿಂಗಳಲ್ಲಿ ನಾನು ಅಡುಗೆಮನೆಯಲ್ಲಿ ಕದ್ದು ಉಣ್ಣಲು ಹೋದರೆ, ನಿನ್ನ ತಟ್ಟೆಗೆ ನಾನೇನು ಕಣ್ಣು ಹಾಕುತ್ತೀನಾ, ಇಲ್ಲೇ ಕೂತು ತಿನ್ನು ಎಂದು ಬೈಯುತ್ತಿದ್ದಳು. ಆ ತಿಂಗಳು ಅಮ್ಮ ದಿನಾ ಒಂದು ಡಬ್ಬಿಯಲ್ಲಿ ಖಾರ ಮಂಡಕ್ಕಿ ಹಾಕಿ, ಸಂಜೆ ಉಪವಾಸ ಬಿಡುವಾಗ ತಿನ್ನಲಿ ಎಂದು ಅವಳ ಬ್ಯಾಗಿಗೆ ತುರುಕುತ್ತಿದ್ದರು.

ಆಮೇಲೆ ಗಡಿಯಲ್ಲಿ ಯುದ್ಧ ಶುರುವಾಯಿತು. ಬೆಂಗಳೂರಿಗೆ ಒಂದು ಗುಂಡೂ ಬರಲಿಲ್ಲ. ಬಂದಿದ್ದೆಲ್ಲ ಟಿವಿಯಲ್ಲಿ, ಫೋನಿನಲ್ಲಿ. ಟಿವಿಯವರು ಹಗಲೆಲ್ಲ ಸೈರನ್ ಕೂಗಿಸಿದರು. ನಮ್ಮ ರಸ್ತೆಯ ವಾಟ್ಸಾಪ್ ಗ್ರೂಪಿನಲ್ಲಿ ಯಾರ್ಯಾರ ಹತ್ತಿರ ತರಕಾರಿ ತಗೋಬಾರದು, ಯಾರಿಗೆ ಮನೆ ಕೊಡಬಾರದು ಎಂದು ಬರತೊಡಗಿತು. ಅಲ್ಲೆಲ್ಲೋ ನಡೆಯುವ ಯುದ್ಧಕ್ಕೂ ಇಲ್ಲಿ ಬದನೆಕಾಯಿ ಮಾರುವವನಿಗೂ ಏನು ಸಂಬಂಧ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅವಳ ಅಣ್ಣನ ತರಕಾರಿ ಗಾಡಿಯನ್ನು ನಮ್ಮ ರಸ್ತೆಯ ತಿರುವಿನಲ್ಲೇ ನಿಲ್ಲಿಸಿ ವಾಪಸ್ ಕಳಿಸಿದರು. ಹನ್ನೊಂದು ವರ್ಷದಿಂದ ಇದ್ದ ಮನೆಯನ್ನು ವಾರದೊಳಗೆ ಖಾಲಿ ಮಾಡಿ ಎಂದು ಅವರ ಓನರ್ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಕೂಗಾಟವನ್ನೆಲ್ಲ ನಾನು ಮಾಡಿದ್ದು ಅಡುಗೆಮನೆಯಲ್ಲಿ, ಅಮ್ಮನೊಬ್ಬರ ಎದುರಿಗೆ. ಅಮ್ಮ ಕೇಳಿಸಿಕೊಂಡು, ಅಕ್ಕಪಕ್ಕದವರು ಮಾತಾಡುತ್ತಿದ್ದಾರೆ, ನಾಲ್ಕು ದಿನ ಬರೋದು ಬೇಡ ಅನ್ನು ಎಂದರು. ನಾನು ಆ ಮಾತನ್ನು ಅವಳಿಗೆ ಮುಟ್ಟಿಸಲಿಲ್ಲ. ಅದೇ ದೊಡ್ಡ ಧೈರ್ಯ ಎಂದುಕೊಂಡಿದ್ದೆ.

ಆ ವಾರ ಅವಳೇ ಒಂದು ಅಭ್ಯಾಸ ಮಾಡಿಕೊಂಡಳು. ಹೊರಗೆ ಗೇಟಿನ ಸದ್ದಾದರೆ ಸಾಕು, ತನ್ನ ಮಡಿಲಿನ ದಿಂಬನ್ನು ಸೀರೆ ಸಮೇತ ನನ್ನ ಮಡಿಲಿಗೆ ಸರಿಸಿ ಸುಮ್ಮನೆ ಕೂರುತ್ತಿದ್ದಳು. ಹಾಗೆ ಮಾಡು ಎಂದು ನಾನು ಹೇಳಿರಲಿಲ್ಲ. ಮಾಡಬೇಡ ಎಂದೂ ಹೇಳಲಿಲ್ಲ.

ಅವತ್ತು ಅವಳ ಮಡಿಲಲ್ಲಿದ್ದದ್ದು ಧಾರೆ ಸೀರೆ. ಹಿಂದಿನ ರಸ್ತೆಯ ಆಂಟಿಯೊಬ್ಬರ ದೊಡ್ಡ ಮಗಳದು. ಆ ಆಂಟಿ ಬ್ಯಾಂಕಿನಲ್ಲಿದ್ದು ರಿಟೈರ್ ಆದವರು, ಮಾತಿನಲ್ಲಿ ಬಹಳ ನಯ. ಗೇಟು ಸದ್ದಾಯಿತು, ದಿಂಬು ನನ್ನ ಕಡೆಗೆ ಬಂತು, ಆಂಟಿ ಒಳಗೆ ಬಂದರು. ಅರ್ಧ ಸೆರಗು ಮುಗಿದಿತ್ತು. ಆಂಟಿ ಕುಚ್ಚನ್ನು ಮುಟ್ಟಿ ನೋಡಿ, ಅವಳ ಕಡೆ ಕತ್ತನ್ನೂ ತಿರುಗಿಸದೆ ನನ್ನನ್ನು ಕೇಳಿದರು.

"ಧಾರೆ ಸೀರೆ ಕಣಮ್ಮ ಇದು. ಬೇರೆ ಯಾರೂ ಕೈ ಹಾಕಿಲ್ಲ ತಾನೆ?"

"ಎಲ್ಲ ನಾನೇ ಹಾಕಿದ್ದು ಆಂಟಿ," ಎಂದೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನನ್ನ ಬಾಯಿ ನಿಲ್ಲಬೇಕಲ್ಲ. "ಇವಳು ಸುಮ್ನೆ ಮಾತಾಡೋಕೆ ಬಂದಿದಾಳೆ."

ಅವಳ ಬೆರಳುಗಳ ನಡುವೆ ದಾರ ಪೋಣಿಸಿದ ಸೂಜಿ ಇನ್ನೂ ಇತ್ತು. ಆಂಟಿ ಹೋಗುವವರೆಗೂ ಅದನ್ನು ಹಾಗೇ ಹಿಡಿದುಕೊಂಡಿದ್ದಳು. ಆಮೇಲೆ ದಿಂಬಿಗೆ ಚುಚ್ಚಿ ಎದ್ದಳು.

"ಉಳಿದಿದ್ದನ್ನೂ ನೀನೇ ಹಾಕು," ಎಂದಳು. ಚಪ್ಪಲಿ ಹಾಕಿಕೊಂಡು ಹೋದಳು.

ಉಳಿದ ಅರ್ಧ ಸೆರಗನ್ನು ನಾನೇ ಹಾಕಿದೆ. ಎಷ್ಟು ಬಿಗಿಯಾಗಿ ಎಳೆದರೂ ಅವಳ ಗಂಟಿನ ಪಕ್ಕ ನನ್ನದು ಉಬ್ಬಿ ಕೂರುತ್ತಿತ್ತು. ಬಿಚ್ಚಿ ಹಾಕಿದೆ, ಮತ್ತೆ ಬಿಚ್ಚಿ ಹಾಕಿದೆ. ಆಂಟಿಗೆ ಏನೂ ಗೊತ್ತಾಗಲಿಲ್ಲ. ಮದುವೆ ಚೆನ್ನಾಗಿ ನಡೆಯಿತು, ನಾನೂ ಹೋಗಿ ಹೋಳಿಗೆ ಊಟ ಮಾಡಿ ಬಂದೆ.

ಯುದ್ಧ ಬೇಗ ನಿಂತಿತು. ಟಿವಿಯವರು ಬೇರೆ ಸುದ್ದಿ ಹಿಡಿದರು. ಅವಳ ಮನೆಯವರು ಕೆಂಗೇರಿಯ ಆಚೆಗೆ ಹೋದರೆಂದು ಟೈಲರಿಂಗ್ ಕ್ಲಾಸಿನ ಮೇಡಂ ಹೇಳಿದರು. ನಾನು ಫೋನ್ ಮಾಡಲಿಲ್ಲ. ಮೊದಲು ನಾಚಿಕೆ, ಆಮೇಲೆ ಇಷ್ಟು ದಿನ ಆದ ಮೇಲೆ ಏನಂತ ಮಾಡುವುದು ಎಂಬ ಇನ್ನೊಂದು ನೆಪ. ಮನೆಯಲ್ಲಿ ಅವಳ ಹೆಸರು ಎತ್ತುವುದೂ ನಿಂತುಹೋಯಿತು.

ಒಂದು ವರ್ಷ ಕಳೆದು ಆಂಟಿ ಎರಡನೇ ಮಗಳ ಧಾರೆ ಸೀರೆ ತಂದರು. ಮಾದರಿಗೆಂದು ಹಳೆಯ ಸೀರೆಯನ್ನೂ ತಂದಿದ್ದರು. ಸೆರಗು ಬಿಡಿಸಿ, ಡ್ರೈ ಕ್ಲೀನಿಗೆ ಕೊಟ್ಟ ಮೇಲೆ ಈ ಕಡೆದೆಲ್ಲ ಸಡಿಲ ಬಿದ್ದಿದೆ, ಆ ಕಡೆದು ಒಂದು ಗಂಟೂ ಅಲ್ಲಾಡಿಲ್ಲ ನೋಡು, ಪೂರ್ತಿ ಆ ಥರ ಹಾಕಿಕೊಡು ಎಂದರು. ಸಡಿಲ ಬಿದ್ದದ್ದು ನನ್ನದು. ನನಗೆ ಸಾಕಾಗಿತ್ತು. ಆ ಕಡೆದು ಅವಳು ಹಾಕಿದ್ದು, ಅವತ್ತು ನಾನು ನಿಮಗೆ ಸುಳ್ಳು ಹೇಳಿದೆ ಎಂದು ಹೇಳಿಬಿಟ್ಟೆ. ಆಂಟಿ ಆ ಕಡೆಯ ಗಂಟುಗಳನ್ನು ಇನ್ನೊಮ್ಮೆ ಸವರಿ ನೋಡಿದರು. ಆಮೇಲೆ ದನಿ ತಗ್ಗಿಸಿದರು.

"ಹಾಗಾದ್ರೆ ಇದನ್ನೂ ಅವಳ ಕೈಲೇ ಹಾಕ್ಸಮ್ಮ. ಯಾರ ಹತ್ರಾನೂ ಹೇಳೋಕೆ ಹೋಗ್ಬೇಡ."

ಪೆದ್ದಿ ನಾನು, ಅದನ್ನು ಒಳ್ಳೆಯ ಸುದ್ದಿ ಎಂದುಕೊಂಡೆ. ಅವಳಿಗೆ ಫೋನ್ ಮಾಡಿದೆ. ಎರಡನೇ ರಿಂಗಿಗೇ ಎತ್ತಿದಳು. ಭಾನುವಾರ ಬಾ ಎಂದು ಲೊಕೇಶನ್ ಕಳಿಸಿದಳು. ದಾರ ತರಲು ಚಿಕ್ಕಪೇಟೆಗೆ ಹೋಗುತ್ತೀನಿ ಎಂದು ಅಮ್ಮನಿಗೆ ಹೇಳಿ, ಎರಡೂ ಸೀರೆಗಳನ್ನು ಬ್ಯಾಗಿಗೆ ಹಾಕಿಕೊಂಡು, ಅತ್ತಿಗುಪ್ಪೆಯಲ್ಲಿ ಕೆಂಗೇರಿ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತೆ.

ಅವಳದು ಒಂದೇ ಕೋಣೆಯ ಮನೆ. ಬಾಗಿಲ ಹಿಂದೆ ಗಾರ್ಮೆಂಟ್ಸ್ ಫ್ಯಾಕ್ಟರಿಯ ಗುರುತಿನ ಚೀಟಿ ನೇತಾಡುತ್ತಿತ್ತು. ನಾನು ಅದನ್ನು ನೋಡಿದ್ದನ್ನು ನೋಡಿ, ಅಲ್ಲಿ ಕಾಲರ್ ಒಬ್ಬರದು, ತೋಳು ಇನ್ನೊಬ್ಬರದು, ಯಾವ ಹೊಲಿಗೆ ಯಾರದು ಎಂದು ಯಾರೂ ಕೇಳುವುದಿಲ್ಲ, ಆರಾಮು ಎಂದಳು. ಟೀ ಮಾಡಿಕೊಟ್ಟಳು. ನಾನು ಹಳೆಯ ಸೀರೆಯನ್ನು ಅವಳ ಮುಂದೆ ಹರಡಿದೆ. ನನ್ನ ತಪ್ಪು, ನನ್ನ ನಾಚಿಕೆ, ಒಂದು ವರ್ಷ ನನಗಾದ ಸಂಕಟ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಆಂಟಿ ಹೇಳಿದ್ದನ್ನೂ ಹೇಳಿದೆ. ಅವಳು ಕೇಳುತ್ತಾ ಸೆರಗಿನ ಅಂಚಿನ ಮೇಲೆ ಹೆಬ್ಬೆರಳು ಓಡಿಸುತ್ತಿದ್ದಳು. ಒಂದು ಕಡೆ ಬೆರಳು ನಿಂತಿತು.

"ಇಲ್ಲಿಂದ ನೀನು," ಎಂದಳು. ಸೀರೆ ಮಡಿಸಿ ನನ್ನ ಕೈಗೆ ಕೊಟ್ಟಳು. "ಅವ್ರಿಗೆ ನನ್ ಕೈ ಬೇಕು, ನಾನು ಬೇಡ. ಅಷ್ಟೇ ತಾನೆ? ನಾನು ಹಾಕಲ್ಲ ಕಣೇ."

ಕೋಪವಿರಲಿಲ್ಲ ದನಿಯಲ್ಲಿ. ಇದ್ದಿದ್ದರೆ ನಾನೂ ಎರಡು ಮಾತಾಡಿ, ಅತ್ತು, ಹಗುರಾಗುತ್ತಿದ್ದೆ. ಹೊರಡಲು ಎದ್ದಾಗ ಕೇಳಿದಳು.

"ಮನೇಲಿ ಎಲ್ಲಿಗೆ ಅಂತ ಹೇಳ್ ಬಂದೆ?"

ಅವಳಿಗೂ ಸುಳ್ಳು ಹೇಳುವಷ್ಟು ಮುಖ ನನಗಿರಲಿಲ್ಲ. ಚಿಕ್ಕಪೇಟೆಗೆ, ದಾರ ತರೋಕೆ ಎಂದೆ. ಅವಳು ನಕ್ಕಳು, ನಿಜವಾಗಿಯೇ ನಕ್ಕಳು. ಮಂಚದ ಕೆಳಗಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿ ಎಳೆದು, ಹೊಸ ಸೀರೆಯ ಅಂಚಿಗೆ ಹಿಡಿದು ನೋಡಿ, ಹೊಂದುವ ಬಣ್ಣದ ನಾಲ್ಕು ರೇಷ್ಮೆ ದಾರದ ಉಂಡೆ ಆರಿಸಿದಳು.

"ತಗೊಂಡ್ ಹೋಗು. ಬರಿಗೈಲಿ ಹೋದ್ರೆ ಸಿಕ್ಕಿ ಬೀಳ್ತೀಯ."

ಮೆಟ್ರೋದಲ್ಲಿ ಆ ಉಂಡೆಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದೆ. ದೀಪಾಂಜಲಿ ನಗರ ಬಂತು, ಬಾಗಿಲು ತೆರೆದು ಮುಚ್ಚಿತು. ಮನೆಗೆ ಬಂದಾಗ ಅಮ್ಮ ಹಾಲ್‌ನಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ದಾರ ಸಿಕ್ತಾ ಎಂದು ಕೇಳಿದರು. ಸಿಕ್ಕಿತು ಎನ್ನುವುದು ಎಷ್ಟು ಸುಲಭವಿತ್ತು, ದಾರ ಕೈಯಲ್ಲೇ ಇತ್ತಲ್ಲ.

"ಚಿಕ್ಕಪೇಟೆಗೆ ಹೋಗಿರ್ಲಿಲ್ಲಮ್ಮ. ಅವಳ ಮನೆಗೆ ಹೋಗಿದ್ದೆ. ಇದು ಅವಳೇ ಕೊಟ್ಟಿದ್ದು," ಎಂದು ಉಂಡೆಗಳನ್ನು ಮೊರದ ಪಕ್ಕ ಇಟ್ಟೆ. ಜಗಳಕ್ಕೆ ಸಿದ್ಧಳಾಗೇ ನಿಂತಿದ್ದೆ. ಒಂದು ವರ್ಷದಿಂದ ಆಡದ ಮಾತುಗಳೆಲ್ಲ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು.

ಅಮ್ಮನ ಕೈ ಸೊಪ್ಪಿನ ಮೇಲೆ ನಿಂತಿತು. ದಾರದ ಉಂಡೆಯೊಂದನ್ನು ಎತ್ತಿ ನೋಡಿದರು.

"ಹೌದಾ?" ಎಂದರು. "ಚೆನ್ನಾಗಿದಾಳಾ?"

ಅದೊಂದನ್ನು ನಾನು ಅವಳನ್ನು ಕೇಳಿಯೇ ಇರಲಿಲ್ಲ.