ಅವ್ವನ ಕೈಗೆ ಬಂದ ಕೀಲಿ

ನನಗೆ ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ನಲವತ್ತು ದಾಟಿದ ಮೇಷ್ಟ್ರಾದ ನಾನು ಇದನ್ನು ಒಪ್ಪಿಕೊಳ್ಳಬೇಕಾಗಿ ಬಂದದ್ದು ಮಗಳ ಹಲ್ಲಿನ ದೆಸೆಯಿಂದ.

ಭೂಮಿಕಾಗೆ ಆಗ ಎಂಟು ವರ್ಷ. ಹಾಲುಹಲ್ಲು ಬಿದ್ದಲ್ಲಿ ಹೊಸ ಹಲ್ಲುಗಳು ಸಂತೆ ದಿನದ ಸೋಲೂರು ಬಸ್ಸಿನಲ್ಲಿ ನಿಂತವರ ಹಾಗೆ ಒಂದರ ಹೆಗಲಿಗೊಂದು ಒತ್ತಿಕೊಂಡು ಬಂದವು. ಕ್ಲಾಸಿನಲ್ಲಿ ಯಾರೋ ಏನೋ ಅಂದಿರಬೇಕು, ನಗುವಾಗ ಅಂಗೈ ಅಡ್ಡ ಹಿಡಿಯತೊಡಗಿದಳು. ಮಾಗಡಿಯ ಹಲ್ಲಿನ ಡಾಕ್ಟರಮ್ಮನಿಗೆ ತೋರಿಸೋಣವೆಂದರೆ ನಮ್ಮವ್ವ ಒಪ್ಪಲಿಲ್ಲ.

"ಎಳೇ ಮಗೀಗೆ ಕಬ್ಬಿಣ ಹಾಕುಸ್ತೀಯೇನ್ಲಾ? ನಿಂಗೂ ಹಿಂಗೇ ಇದ್ವು. ಈಗೇನಾಗೈತೆ?"

ನಾನು ಬಾಯಿ ತೆರೆದು ತೋರಿಸಿದೆ. ಇಕ್ಕಟ್ಟಿನಲ್ಲಿ ಬ್ರಷ್ಷು ತಲುಪದೆ ಹುಳುಕಾಗಿ, ಕೀಳಿಸಿಕೊಂಡ ಎರಡು ಹಲ್ಲಿನ ಜಾಗ ಖಾಲಿಯಿತ್ತು. ಅವ್ವ ಸೀರೆ ಬದಲಾಯಿಸಿಕೊಂಡು ತಾನೂ ಹೊರಟಳು.

"ಮೇಲಿನ ದವಡೆ ಕಿರಿದಾಗಿದೆ," ಎಂದರು ಡಾಕ್ಟರಮ್ಮ. "ಇನ್ನೂ ಬೆಳೆಯೋ ವಯಸ್ಸು. ಈಗಲಾದ್ರೆ ಅಗಲ ಮಾಡೋದು ಸುಲಭ, ಬರೋ ಹಲ್ಲಿಗೆ ಜಾಗ ಸಿಗುತ್ತೆ."

ಅಂಗುಳಿಗೆ ಒಂದು ಪುಟ್ಟ ಸಾಧನ ಕೂರಿಸಿದರು. ಅದರ ನಡುವೆ ಸೂಜಿಯ ಕಣ್ಣಿನಷ್ಟು ತೂತಿರುವ ಒಂದು ಸ್ಕ್ರೂ. ದಿನಕ್ಕೊಂದು ಸಲ ಸಣ್ಣ ಕೀಲಿಯಿಂದ ಅದನ್ನು ತಿರುಗಿಸುವುದು ಮನೆಯವರ ಕೆಲಸ, ಅಂದರೆ ನನ್ನದು.

ಮೊದಲ ದಿನವೇ ಕೀಲಿ ತೂತು ಬಿಟ್ಟು ಎಲ್ಲೆಲ್ಲೋ ಚುಚ್ಚಿತು. ಮಗಳ ಕಣ್ಣಲ್ಲಿ ನೀರು ಬಂತು.

"ಬೇಡ ಅಪ್ಪಾ, ಬಿಚ್ಚಿಸ್ಬುಡು," ಎಂದು ಅತ್ತಳು.

"ಅತ್ಲಾಗೆ ಸರಿಲಾ," ಎಂದಳು ಅವ್ವ. ಕನಕಾಂಬರ ಕಟ್ಟಿ ಪಳಗಿದ ಬೆರಳುಗಳು. ಮೊಮ್ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಆ ಅನ್ನು ಮಗ," ಎನ್ನುವಷ್ಟರಲ್ಲಿ ಕೀಲಿ ತಿರುಗಿಯಾಗಿತ್ತು. ಅಂದಿನಿಂದ ನನಗೆ ಟಾರ್ಚ್ ಹಿಡಿಯುವ ಹುದ್ದೆ.

ಹತ್ತು ದಿನಕ್ಕೆ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ ಬಿಟ್ಟಿತು. ಅವ್ವನ ಮುಖ ಇಳಿಯಿತು.

"ನಾನೇ ಜಾಸ್ತಿ ತಿರುಗುಸ್ಬುಟ್ನೇನೋ. ಮಗೀನ ಬಾಯಿ ಹಾಳು ಮಾಡ್ಬುಟ್ಟೆ," ಎಂದು ತಟ್ಟೆ ಸರಿಸಿಬಿಟ್ಟಳು.

ಡಾಕ್ಟರಮ್ಮನಿಗೆ ಫೋನ್ ಮಾಡಿದರೆ ಅವರು ನಕ್ಕರು. "ಸಂದಿ ಬಂತು ಅಂದ್ರೆ ದವಡೆ ಅಗಲ ಆಗ್ತಿದೆ, ಅಜ್ಜಿ ಸರಿಯಾಗೇ ತಿರುಗಿಸಿದ್ದಾರೆ. ಅದು ಮೆಲ್ಲಗೆ ಮುಚ್ಚಿಕೊಳ್ಳುತ್ತೆ, ಹೆದರಬೇಡಿ."

ಸ್ಪೀಕರಿನಲ್ಲಿ ಕೇಳಿಸಿಕೊಂಡ ಅವ್ವ ಅವತ್ತು ಎರಡು ಮುದ್ದೆ ಉಂಡಳು.

ಈಗ ವರ್ಷವಾಗಿದೆ. ಸಂದಿ ಮುಚ್ಚಿದೆ, ಸಾಧನ ತೆಗೆದಿದ್ದಾರೆ. ದೊಡ್ಡವಳಾದ ಮೇಲೆ ಒಂದಷ್ಟು ದಿನ ಹಲ್ಲಿಗೆ ತಂತಿ ಕಟ್ಟಿಸಬೇಕಾಗಬಹುದಂತೆ. ಭೂಮಿಕಾ ಇದನ್ನೆಲ್ಲ ಮರೆತು ಆಟಕ್ಕೆ ಬಿದ್ದಿದ್ದಾಳೆ. ಕಲಿತ ವಿದ್ಯೆ ಸುಮ್ಮನಿರಲು ಬಿಡದಿರುವುದು ಅವ್ವನನ್ನು ಮಾತ್ರ. ಮೊನ್ನೆ ಕಲ್ಯ ಊರಿನ ನೆಂಟರ ಮನೆಯಲ್ಲಿ ನಾಮಕರಣ. ಎಲ್ಲರೂ ಮಗುವಿನ ಕಣ್ಣು, ಮೂಗು ಯಾರ ಹಾಗಿದೆಯೆಂದು ಚರ್ಚಿಸುತ್ತಿದ್ದರೆ, ಅವ್ವ ತೊಟ್ಟಿಲಿಗೆ ಬಾಗಿ, ಅಳುತ್ತಿದ್ದ ಮಗುವಿನ ಬೊಚ್ಚುಬಾಯೊಳಗೆ ಬಹಳ ಹೊತ್ತು ಇಣುಕಿ ನೋಡಿದಳು.

"ಜಾಗ ಐತೆ," ಎಂದಳು ಬಾಣಂತಿಗೆ. "ಆದ್ರೂ ಒಸಿ ಕಣ್ಣಿಟ್ಟಿರವ್ವ."