ಮೊಮ್ಮಗನ ಗಂಜಿ

ಕಾಶಿಯಲ್ಲೇ ಹುಟ್ಟಿ ಬೆಳೆದ ನನ್ನ ಮೊಮ್ಮಗನಿಗೆ ಅಲ್ಲಿಯ ಯೂನಿವರ್ಸಿಟಿಯಲ್ಲೇ ಮೇಷ್ಟ್ರ ಕೆಲಸ ಸಿಕ್ಕಿತು. ಸಂತೋಷಕ್ಕೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಊರಿನಿಂದ ರೈಲು ಹತ್ತಿ ಕೇದಾರ ಘಾಟ್ ಹತ್ತಿರದ ಮಗಳ ಮನೆಗೆ ಬಂದೇಬಿಟ್ಟೆ. ಅವನು ಕೆಲಸಕ್ಕೆ ಸೇರುವ ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮನ ಹತ್ತಿರ ಪಿಸುಗುಟ್ಟುವುದು ಕೇಳಿಸಿತು.

"ಈ ಸೆಖೇಲಿ ಗಂಜಿ ಬೇಡಮ್ಮ. ಅಜ್ಜಿಗೆ ಹೇಳಬೇಡ, ಬೈತಾಳೆ."

ನಮ್ಮಲ್ಲಿ ಗಂಜಿ ಕುಡಿಸುವುದು ಮೈ ಸರಿಯಿಲ್ಲದವರಿಗೆ. ಕಾಯಿಲೆಯನ್ನು ನನ್ನಿಂದ ಮುಚ್ಚಿಡುತ್ತಿದ್ದಾರೆ! ಅವನ ಹಣೆ ಮುಟ್ಟಿದೆ, ತಣ್ಣಗಿತ್ತು. ಆದರೂ ಅನುಮಾನ ಹೋಗಲಿಲ್ಲ.

"ನಿಜ ಹೇಳೋ, ಹೊಟ್ಟೆ ಕೆಟ್ಟಿದೆಯಾ?"

"ಅಯ್ಯೋ ಅಜ್ಜಿ, ಕುಡಿಯೋ ಗಂಜಿ ಅಲ್ಲ, ಹಾಕ್ಕೊಳ್ಳೋ ಗಂಜಿ! ಇಲ್ಲಿ ಬನಿಯನ್ನಿಗೆ ಹಾಗಂತಾರೆ."

ನಕ್ಕು ನಕ್ಕು ಸಾಕಾಯಿತು. ಆದರೆ ಬಿಳಿ ಶರ್ಟು ಬೆವರಿಗೆ ಬೆನ್ನಿಗಂಟಿಕೊಂಡರೆ ಹುಡುಗರು ಹೊಸ ಮೇಷ್ಟ್ರನ್ನು ನೋಡಿ ನಗುವುದಿಲ್ಲವೇ?

"ಹಾಕ್ಕೊಂಡೇ ಹೋಗಬೇಕು" ಎಂದೆ.

"ಆಯ್ತಜ್ಜಿ" ಎಂದು ಕೋಣೆಗೆ ಹೋಗಿ ಬಂದ. ಅಷ್ಟು ಬೇಗ ಒಪ್ಪಿದ್ದರಿಂದಲೇ ನನಗೆ ಗುಮಾನಿ. ಕಾಲಿಗೆ ಬಿದ್ದಾಗ ಆಶೀರ್ವಾದ ಮಾಡುವ ನೆಪದಲ್ಲಿ ಬೆನ್ನು ಸವರಿದೆ. ಒಳಗೆ ಬನಿಯನ್ನು ಕೈಗೆ ಸಿಕ್ಕಿತು.

"ಚೆಕಿಂಗ್ ಮುಗೀತಾ?" ಎಂದು ನಗುತ್ತಾ ಹೊರಟ.